ಬೋರ ಹೋದ ಮೇಲೆ ಚುಕ್ಕಿ ಊಟ ಬಿಟ್ಟಿದ್ದಾಳೆ. ಇದು ಅವಳ ದುಃಖವೋ, ನನ್ನದೋ?

ಚುಕ್ಕಿಯ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮ ಮನೆಯಲ್ಲಿ ಎರಡು ನಾಯಿಗಳಿದ್ದವು. ಬೋರನಿಗೆ 11 ವರ್ಷ, ಚುಕ್ಕಿಗೆ 5. ಕಿಡ್ನಿ ಕೆಟ್ಟು ಬೋರ ಹೋಗಿ ಇವತ್ತಿಗೆ 19 ದಿನ. ಆಸ್ಪತ್ರೆಯಲ್ಲೇ ಜೀವ ಹೋಯಿತು. ಅಲ್ಲಿಂದಲೇ ತೆಗೆದುಕೊಂಡು ಹೋಗಿ ಮಣ್ಣು ಮಾಡಿದೆವು. ಹಾಗಾಗಿ ಚುಕ್ಕಿ ಅವನನ್ನು ಕೊನೆಗೆ ನೋಡಲೇ ಇಲ್ಲ. ಆ ಬೆಳಿಗ್ಗೆ ಅವನನ್ನು ಎತ್ತಿ ಕಾರಿನಲ್ಲಿ ಮಲಗಿಸುವಾಗ ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳು. ಅಷ್ಟೇ.

ಚುಕ್ಕಿ 2 ತಿಂಗಳ ಮರಿಯಾಗಿ ಬಂದಾಗ ಅವಳನ್ನು ಬೆಳೆಸಿದ್ದೇ ಬೋರ ಅನ್ನಬೇಕು. ಇಬ್ಬರ ಊಟದ ಬಟ್ಟಲೂ ಅಕ್ಕಪಕ್ಕ. ಬೋರ ಬಾಯಿ ಹಾಕುವ ತನಕ ಇವಳು ತನ್ನ ಬಟ್ಟಲು ಮುಟ್ಟುತ್ತಿರಲಿಲ್ಲ. ಯಾರೂ ಕಲಿಸಿದ್ದಲ್ಲ. ಈಗ ಒಂದೇ ಬಟ್ಟಲು ಇಡುತ್ತೇನೆ. ಬರುತ್ತಾಳೆ. ಪಕ್ಕದ ಖಾಲಿ ಜಾಗ ನೋಡುತ್ತಾಳೆ. ನನ್ನ ಮುಖ ನೋಡುತ್ತಾಳೆ. ಆಮೇಲೆ ಅವಳ ಒಣ ಊಟದ ಒಂದು ಕಾಳು ಬಾಯಿಗೆ ತೆಗೆದುಕೊಂಡು, ಅಲ್ಲೇ ನೆಲಕ್ಕೆ ಬಿಟ್ಟು, ಅದನ್ನೇ ನೋಡುತ್ತಾ ನಿಲ್ಲುತ್ತಾಳೆ. ಮೊದಲ ಎರಡು ವಾರ ಕಡಿಮೆ ತಿಂದರೂ ತಿನ್ನುತ್ತಿದ್ದಳು. ಈಗ ನಾಲ್ಕೈದು ದಿನದಿಂದ ಕಾಲು ಬಟ್ಟಲೂ ಖಾಲಿಯಾಗುತ್ತಿಲ್ಲ.

ಇನ್ನೂ ಇದೆ. ಬೋರ ಮಧ್ಯಾಹ್ನ ಬಚ್ಚಲುಮನೆ ಬಾಗಿಲಲ್ಲಿ ಮಲಗುತ್ತಿದ್ದ. ಚುಕ್ಕಿ ಅಲ್ಲಿ ಒಂದು ದಿನವೂ ಮಲಗಿದವಳಲ್ಲ. ಈಗ ಅಲ್ಲೇ ಮಲಗುತ್ತಾಳೆ. ಬೋರನದ್ದೊಂದು ಗಟ್ಟಿ ಮೂಳೆ ಇತ್ತು, ಅವನು ಕಡಿದು ಕಡಿದು ಒಂದು ತುದಿ ನುಣ್ಣಗಾಗಿತ್ತು. ಅದನ್ನು ಎತ್ತಿಡಲು ನನಗೆ ಮನಸ್ಸೇ ಬರಲಿಲ್ಲ. ಮೊದಲ ಎರಡು ವಾರ ಚುಕ್ಕಿ ರಾತ್ರಿಯೆಲ್ಲ ಅದನ್ನು ಕಡಿಯುತ್ತಿದ್ದಳು. ಈಗ ಕಡಿಯುವುದೂ ಇಲ್ಲ. ಮುಂಗಾಲುಗಳ ನಡುವೆ ಇಟ್ಟುಕೊಂಡು ಸುಮ್ನೆ ಮಲಗಿರುತ್ತಾಳೆ. ಅದನ್ನು ನೋಡಿದಾಗಲೆಲ್ಲ ನನಗೆ ಅಳು ತಡೆಯಲು ಆಗುವುದಿಲ್ಲ.

ನಮ್ಮವರು ಹೇಳುವುದು ಬೇರೆ. "ಅದಕ್ಕೇನು ಗೊತ್ತಾಗುತ್ತೆ, ನೀನು ಅಳುವುದು ನೋಡಿ ಅದು ಹಾಗೆ ಮಾಡುತ್ತಿದೆ" ಅನ್ನುತ್ತಾರೆ. ಅವರಿಗೂ ಬೋರ ಅಂದರೆ ಪ್ರಾಣ, ಹಾಗಾಗಿ ಕೋಪ ಬರುವುದಿಲ್ಲ. ಆದರೆ ಅವರ ಮಾತು ತಲೆಯಲ್ಲೇ ಕೂತಿದೆ. ನಾನು ನನ್ನ ಸಂಕಟವನ್ನು ಅವಳ ಮೇಲೆ ಹೊರಿಸುತ್ತಿದ್ದೇನಾ? ನಾಯಿಗೆ ಇನ್ನೊಂದು ನಾಯಿ ಸತ್ತಿದ್ದು ತಿಳಿಯುತ್ತದಾ? ಬೋರನ ದೇಹವನ್ನು ಅವಳಿಗೆ ತೋರಿಸಬೇಕಿತ್ತಾ? ಮೂರನೇ ದಿನಕ್ಕೇ ಅವನ ಹಾಸು ಒಗೆದುಬಿಟ್ಟೆ, ವಾಸನೆಯೂ ಉಳಿಯಲಿಲ್ಲ. ಅದೊಂದು ಕೊರಗು. ಅವಳಿಗೆ ಜೊತೆಗೆ ಒಂದು ಮರಿ ತರಲೇ ಅಂತ ಮಗ ಕೇಳುತ್ತಿದ್ದಾನೆ.

ತಿಳಿದವರು ಹೇಳಿ.

ಎರಡು ಬೆಕ್ಕಿನ ಮನೆ

ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಮ್ಮಲ್ಲಿ ಜೋಡಿ ಬೆಕ್ಕುಗಳಲ್ಲಿ ಒಂದು ಹೋದಾಗ ಇನ್ನೊಂದು ಸುಮಾರು ಎರಡು ತಿಂಗಳು ರಾತ್ರಿ ಹೊತ್ತು ಕೂಗುತ್ತಿತ್ತು. ಅದು ಅದರ ಎಂದಿನ ಕೂಗಲ್ಲ. ಗಂಟಲಿಂದ ಬರುವ, ಉದ್ದನೆಯ ಕೂಗು. ಬೀರುವಿನ ಮೇಲೆ, ಮಂಚದ ಕೆಳಗೆ, ಸತ್ತದ್ದು ಕೂರುತ್ತಿದ್ದ ಜಾಗಗಳನ್ನೆಲ್ಲ ಸುತ್ತಿ ಬರುತ್ತಿತ್ತು. ಆಮೇಲೆ ತಾನಾಗಿಯೇ ಕಡಿಮೆಯಾಯಿತು. ಯಾವ ದಿನ ನಿಂತಿತು ಅಂತಲೂ ನನಗೆ ನೆನಪಿಲ್ಲ.

ಬೆಕ್ಕು ಸಾಕಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಬೆಕ್ಕು ಎರಡು ಮೂರು ದಿನ ಏನೂ ತಿನ್ನದೇ ಇದ್ದರೆ ದುಃಖ ಅಂತ ಕಾಯುತ್ತಾ ಕೂರಬೇಡಿ. ಅವುಗಳ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯ ಆಗುತ್ತದೆ. ನಮ್ಮ ಬೆಕ್ಕಿಗೆ ಆಗ ಡಾಕ್ಟರ್ ಸಿರಿಂಜಿನಲ್ಲಿ ಊಟ ಕೊಡಿಸಿದರು.

ಮೂರು ನಾಯಿ ಸಾಕಿದವ

ಮೇಡಂ, ಮರಿ ತನ್ನಿ. ನಮ್ಮ ಮನೆಯಲ್ಲಿ ದೊಡ್ಡದು ಹೋದ ಹತ್ತೇ ದಿನಕ್ಕೆ ಮರಿ ತಂದೆವು. ಉಳಿದದ್ದು ಮರಿಯ ಹಿಂದೆಯೇ ಓಡಾಡಿ ಚೇತರಿಸಿಕೊಂಡಿತು. ಜಾಸ್ತಿ ಯೋಚನೆ ಮಾಡಬೇಡಿ.

ನಡವಳಿಕೆ ನೋಡುವವ

ಚುಕ್ಕಿಯ ಮನೆಯವರೇ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾನು ಪಶುವೈದ್ಯನಲ್ಲ. ಪ್ರಾಣಿಗಳ ನಡವಳಿಕೆ ಓದಿಕೊಂಡು, 14 ವರ್ಷದಿಂದ ಸಾಕಿದವರ ಮನೆಗೆ ಹೋಗಿ, ಕೂತು ನೋಡಿ, ಸಲಹೆ ಹೇಳುವ ಕೆಲಸ ಮಾಡುತ್ತಿದ್ದೇನೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಒಂದು ಕಾಳು ಬಾಯಿಗೆ ತೆಗೆದುಕೊಂಡು ಅಲ್ಲೇ ಬಿಡುತ್ತಾಳೆ ಅಂತ ಬರೆದಿದ್ದೀರಿ. ಊಟದ ಆಸೆಯೇ ಹೋದ ನಾಯಿ ಸಾಮಾನ್ಯವಾಗಿ ಹೀಗೆ ಮಾಡುವುದಿಲ್ಲ. ಬಟ್ಟಲ ಹತ್ತಿರ ಬರುವುದೇ ಕಡಿಮೆ. ಬಂದರೂ ಮೂಸಿ ಮುಖ ತಿರುಗಿಸುತ್ತದೆ. ಚುಕ್ಕಿ ಬರುತ್ತಾಳೆ, ಬಾಯಿ ಹಾಕುತ್ತಾಳೆ, ಬಿಟ್ಟು ಅದನ್ನೇ ನೋಡುತ್ತಾಳೆ. ತಿನ್ನಬೇಕು ಅಂತಿದೆ, ಆಗುತ್ತಿಲ್ಲ ಅಂತ ನನಗೆ ಅನ್ನಿಸುತ್ತಿದೆ. ರಾತ್ರಿಯೆಲ್ಲ ಕಡಿಯುತ್ತಿದ್ದ ಮೂಳೆಯನ್ನು ಈಗ ಮುಂದೆ ಇಟ್ಟುಕೊಂಡರೂ ಕಡಿಯುತ್ತಿಲ್ಲ. ಊಟ ತೀರಾ ಕಡಿಮೆಯಾದದ್ದೂ ಅದೇ ಹೊತ್ತಿಗೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನಾಳೆಯೇ ಬಾಯಿ ತೋರಿಸಿ. ಹಲ್ಲು ಎಷ್ಟೇ ನೋಯುತ್ತಿದ್ದರೂ ನಾಯಿ ಕೂಗಾಡುವುದು ಕಡಿಮೆ. ಒಂದೇ ಕಡೆಯಿಂದ ಅಗಿಯುತ್ತದೆ, ಕಾಳು ಉದುರಿಸುತ್ತದೆ, ತಲೆ ಓರೆ ಮಾಡಿಕೊಂಡು ತಿನ್ನುತ್ತದೆ. ಮೇಲಿನ ಸಾಲಿನ ದೊಡ್ಡ ಕತ್ತರಿ ಹಲ್ಲು, ಅಂದರೆ ಕೆನ್ನೆಯ ಒಳಗೆ ಹಿಂದಕ್ಕೆ ಇರುವ ದಪ್ಪ ಹಲ್ಲು, ಗಟ್ಟಿ ವಸ್ತು ಕಡಿದಾಗ ಸಿಪ್ಪೆ ಎದ್ದ ಹಾಗೆ ಸೀಳುವುದು ತುಂಬಾ ಸಾಮಾನ್ಯ. ತುಟಿ ಎತ್ತದೇ ಅದು ಕಾಣುವುದೇ ಇಲ್ಲ. ಇವತ್ತು ರಾತ್ರಿ ಅದೇ ಕಾಳನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಪೂರ್ತಿ ಮೆತ್ತಗೆ ಮಾಡಿ ಇಟ್ಟು ನೋಡಿ. ತಿಂದರೆ ಒಂದು ಸುಳಿವು ಸಿಕ್ಕಂತೆ. ತಿಂದಳು ಅಂತ ಡಾಕ್ಟರ್ ಹತ್ತಿರ ಹೋಗುವುದನ್ನು ಮಾತ್ರ ಬಿಡಬೇಡಿ. ಹಲ್ಲಲ್ಲದೇ ಬೇರೆ ಏನಾದರೂ ಇರಬಹುದು. ಇಷ್ಟು ದಿನ ಊಟ ಕಡಿಮೆ ಮಾಡಿದ ನಾಯಿಯ ರಕ್ತವನ್ನೂ ಒಮ್ಮೆ ನೋಡಿಸುವುದು ಒಳ್ಳೆಯದು.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ.

ನಾಯಿ ಕೊರಗುತ್ತದಾ? 2022ರಲ್ಲಿ ಇಟಲಿಯ ಸಂಶೋಧಕರು ಒಂದು ಸಮೀಕ್ಷೆ ಪ್ರಕಟಿಸಿದರು. ಎರಡು ಅಥವಾ ಜಾಸ್ತಿ ನಾಯಿ ಇದ್ದು, ಅದರಲ್ಲಿ ಒಂದನ್ನು ಕಳೆದುಕೊಂಡ 426 ಜನರನ್ನು ಕೇಳಿದ್ದರು. ಉಳಿದ ನಾಯಿಯ ನಡವಳಿಕೆ ಬದಲಾಯಿತು ಅಂತ 86% ಜನ ಹೇಳಿದರು. 67% ನಾಯಿಗಳು ಮನೆಯವರ ಹಿಂದೆ ಹಿಂದೆ ಸುತ್ತಿ ಜಾಸ್ತಿ ಗಮನ ಬೇಡಿದವು. 57% ಆಟ ಕಡಿಮೆ ಮಾಡಿದವು. ಊಟ ಕಡಿಮೆ ಮಾಡಿದವು 32%. ಈ ಕೊನೆಯ ಅಂಕಿ ನೋಡಿ. ಊಟ ಬಿಡುವುದು ಇದೆ, ಆದರೆ ಮೂರರಲ್ಲಿ ಒಂದು ಮಾತ್ರ. ಚುಕ್ಕಿ ನಿಮ್ಮ ಹಿಂದೆ ಸುತ್ತುತ್ತಾಳೆ, ಆಟ ಬಿಟ್ಟಿದ್ದಾಳೆ ಅಂತ ನೀವು ಎಲ್ಲೂ ಬರೆದಿಲ್ಲ. ಊಟ ಒಂದೇ ಎದ್ದು ಕಾಣುತ್ತಿದೆ. ಬಾಯಿಯ ಕಡೆ ನನ್ನ ಅನುಮಾನ ಹೋಗಲು ಇದೂ ಒಂದು ಕಾರಣ.

ಅದೇ ಸಮೀಕ್ಷೆಯಲ್ಲಿ ಕಂಡ ಇನ್ನೊಂದು ವಿಷಯ ನನ್ನ ಕೆಲಸದಲ್ಲಿ ತುಂಬಾ ಸಹಾಯ ಮಾಡಿದೆ. ಎರಡೂ ನಾಯಿ ಎಷ್ಟು ವರ್ಷ ಒಟ್ಟಿಗಿದ್ದವು ಅನ್ನುವುದಕ್ಕಿಂತ, ಅವುಗಳ ನಡುವೆ ಸ್ನೇಹ ಇತ್ತಾ, ದೊಡ್ಡದು ಸಣ್ಣದನ್ನು ಮರಿಯ ಹಾಗೆ ನೋಡಿಕೊಂಡಿತ್ತಾ ಅನ್ನುವುದು ಜಾಸ್ತಿ ಲೆಕ್ಕಕ್ಕೆ ಬಂದಿತ್ತು. ಬೋರ ಚುಕ್ಕಿಯನ್ನು ಬೆಳೆಸಿದ ಅಂದಿರಲ್ಲ. ಹಾಗಿರುವಾಗ ಅವಳಿಗೆ ಏನೂ ಆಗಿಲ್ಲ ಅಂತ ನಾನು ಹೇಳುವುದಿಲ್ಲ.

ನಿಮ್ಮ ಯಜಮಾನರ ಮಾತಿಗೂ ಆಧಾರ ಇದೆ. ಅದೇ ಸಮೀಕ್ಷೆಯಲ್ಲಿ, ಮನೆಯವರ ಸಂಕಟ ಜಾಸ್ತಿ ಇದ್ದಲ್ಲಿ ನಾಯಿಯ ಬದಲಾವಣೆಯೂ ಜಾಸ್ತಿ ವರದಿಯಾಗಿತ್ತು. ಇದನ್ನು ಎರಡು ರೀತಿ ಓದಬಹುದು. ಅಳುವ ಕಣ್ಣಿಗೆ ಎಲ್ಲವೂ ದುಃಖವಾಗಿಯೇ ಕಾಣುತ್ತದೆ ಅನ್ನುವುದು ಒಂದು. ನಮ್ಮ ಸಂಕಟ ನಾಯಿಗೆ ನಿಜವಾಗಿಯೂ ತಟ್ಟುತ್ತದೆ ಅನ್ನುವುದು ಇನ್ನೊಂದು. ಎರಡನೆಯದನ್ನು ತಳ್ಳಿಹಾಕುವಂತಿಲ್ಲ. 2019ರಲ್ಲಿ ಸ್ವೀಡನ್ನಿನ ಲಿಂಚೋಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಕೂದಲನ್ನೂ ಅವುಗಳನ್ನು ಸಾಕಿದವರ ಕೂದಲನ್ನೂ ತೆಗೆದು ನೋಡಿದರು. ಕೂದಲು ಬೆಳೆಯುವಾಗ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಅದರಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆಯ ಒತ್ತಡದ ಲೆಕ್ಕ ಅಲ್ಲಿ ಸಿಗುತ್ತದೆ. ಸಾಕಿದವರಲ್ಲಿ ಅದು ಜಾಸ್ತಿ ಇದ್ದಲ್ಲಿ ಅವರ ನಾಯಿಯಲ್ಲೂ ಜಾಸ್ತಿ ಇತ್ತು. ಅವರು ನೋಡಿದ್ದು ಬಾರ್ಡರ್ ಕಾಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್ ಎರಡೇ ತಳಿಗಳನ್ನು. ಎಲ್ಲ ನಾಯಿಗೂ ಹಾಗೇ ಅಂತ ಹೇಳಲಾರೆ. ಆದರೂ ಮನೆಮನೆ ಸುತ್ತಿ ನೋಡಿದ ನನಗೆ ಅದು ಆಶ್ಚರ್ಯ ಅನ್ನಿಸಲಿಲ್ಲ.

ಅಂದಮಾತ್ರಕ್ಕೆ ಅವಳ ಮುಂದೆ ಅಳಬೇಡಿ ಅಂತಲ್ಲ. ಅಳು ಬಂದರೆ ಅತ್ತುಬಿಡಿ. ಅವಳ ದಿನಚರಿ ಮಾತ್ರ ತಪ್ಪಿಸಬೇಡಿ. ಏಳುವ ಹೊತ್ತು, ವಾಕಿಂಗ್ ಹೊತ್ತು, ಊಟದ ಹೊತ್ತು ಮೊದಲಿನ ಹಾಗೇ ಇರಲಿ. ನಾಯಿಗೆ ಒಡನಾಡಿ ಹೋದಾಗ ಅದರ ದಿನವೂ ಕಲಸಿಹೋಗುತ್ತದೆ. ಊಟದ್ದನ್ನೇ ನೋಡಿ. ಐದು ವರ್ಷ ಅವಳಿಗೆ ಊಟ ಶುರುಮಾಡಲು ಸಿಗುತ್ತಿದ್ದ ಸೂಚನೆ ಬೋರ ಬಾಯಿ ಹಾಕುವುದು. ಆ ಸೂಚನೆ ಈಗ ಬರುತ್ತಿಲ್ಲ. ಖಾಲಿ ಜಾಗ ನೋಡಿ, ನಿಮ್ಮ ಮುಖ ನೋಡುತ್ತಾಳಲ್ಲ, ಅದು ಕಾಯುವುದೂ ಇರಬಹುದು. ನೀವು ಹೊಸ ಸೂಚನೆ ಕೊಡಿ. ಬೋರನ ಬಟ್ಟಲು ಇದ್ದ ಜಾಗದಲ್ಲಿ ಕೂತು, ನೆಲವನ್ನು ಎರಡು ಸಲ ಮೆತ್ತಗೆ ತಟ್ಟಿ. ದಿನಾ ಹಾಗೇ ಮಾಡಿ. ಆದರೆ ಗೋಗರೆದು, ಒಂದಾದ ಮೇಲೊಂದು ಬೇರೆ ಬೇರೆ ತಿಂಡಿ ಇಡಬೇಡಿ. ತಿನ್ನದೇ ಇದ್ದರೆ ರುಚಿಯಾದ್ದು ಬರುತ್ತದೆ ಅಂತ ಅವಳು ಕಲಿತುಬಿಡುತ್ತಾಳೆ.

ಬಚ್ಚಲ ಬಾಗಿಲಲ್ಲಿ ಮಲಗುವುದಕ್ಕೂ ಎರಡು ಅರ್ಥ ಇದೆ. ಬೋರನ ಜಾಗ ಅಂತ ಮಲಗುತ್ತಿರಬಹುದು. ಅಥವಾ ಅದು ಮನೆಯಲ್ಲೇ ಒಳ್ಳೆಯ ಜಾಗ ಆಗಿದ್ದು, ಇಷ್ಟು ದಿನ ಅವನಿಗೆ ಬಿಟ್ಟುಕೊಟ್ಟಿದ್ದಿರಬಹುದು. ನನಗೆ ತಿಳಿಯದು. ಅವಳು ಹಾಯಾಗಿ ಮಲಗುತ್ತಾಳಾ ಅಂತ ಮಾತ್ರ ನೋಡಿ. ಒಂದು ಮಗ್ಗುಲಿಗೆ ಕಾಲು ಚಾಚಿ ನಿದ್ದೆ ಮಾಡಿದರೆ ಚಿಂತೆ ಬೇಡ. ತಲೆ ಎತ್ತಿಕೊಂಡು, ಕಿವಿ ನಿಗುರಿಸಿ, ಸಣ್ಣ ಸದ್ದಿಗೂ ಎದ್ದರೆ ಅದು ಬೇರೆ.

ದೇಹ ತೋರಿಸಲಿಲ್ಲ ಅಂತ ಕೊರಗಬೇಡಿ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಸಾಕುವವರನ್ನು ಕೇಳಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸತ್ತ ಸಂಗಾತಿಯ ದೇಹ ನೋಡಿದ ಪ್ರಾಣಿಗೂ ನೋಡದ ಪ್ರಾಣಿಗೂ ನಡವಳಿಕೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಬದಲಾವಣೆಗಳು ಹೆಚ್ಚಾಗಿ ಆರು ತಿಂಗಳೊಳಗೆ ಇಳಿದಿದ್ದವು. ಸಾವು ಅಂದರೇನು ಅಂತ ನಾಯಿಗೆ ತಿಳಿಯುತ್ತದೆ ಎಂದು ತೋರಿಸಿದ ಪ್ರಯೋಗ ಯಾವುದೂ ನಾನು ಓದಿಲ್ಲ. ಜೊತೆಗಾರ ಇಲ್ಲ ಅನ್ನುವುದು ತಿಳಿಯುತ್ತದೆ. ಅಷ್ಟನ್ನು ಧೈರ್ಯವಾಗಿ ಹೇಳುತ್ತೇನೆ. ಹಾಸು ಒಗೆದದ್ದೂ ತಪ್ಪಲ್ಲ.

ಇನ್ನು ಮರಿ. ಮೇಲೆ ಬರೆದವರ ಮನೆಯಲ್ಲಿ ಒಳ್ಳೆಯದಾಯಿತು, ಸಂತೋಷ. ನಾನು ಉಲ್ಟಾ ಆದದ್ದನ್ನೂ ಕಂಡಿದ್ದೇನೆ. ಸುಸ್ತಾಗಿ ಮಲಗಿದ ನಾಯಿಯ ಕಿವಿ ಹಿಡಿದು ಜಗ್ಗುವ ಮರಿ, ಗುರ್ ಅಂದ ನಾಯಿಗೆ ಬೈಗುಳ, ಕೊನೆಗೆ ಆ ನಾಯಿ ಒಂದು ಕೋಣೆಯಲ್ಲಿ ಬಂದಿ. ಮರಿಗೆ ಮೂರು ವಾರದಿಂದ ಸುಮಾರು ಮೂರು ತಿಂಗಳ ತನಕದ ಕಾಲ ತುಂಬಾ ದೊಡ್ಡದು. ಜನ, ಸದ್ದು, ಬೇರೆ ಪ್ರಾಣಿ, ಎಲ್ಲವನ್ನೂ ಹೆದರದೇ ಒಪ್ಪಿಕೊಳ್ಳುವ ವಯಸ್ಸು ಅದು. ಆಗ ಅದಕ್ಕೆ ನಿಮ್ಮ ಪೂರ್ತಿ ಗಮನ ಬೇಕು. 19 ದಿನಕ್ಕೆ ನಿಮ್ಮ ಹತ್ತಿರ ಅಷ್ಟು ಶಕ್ತಿ ಇದೆಯಾ? ಚುಕ್ಕಿಗೆ ಸದ್ಯ ಮರಿಗಿಂತ ನೀವೇ ಬೇಕು ಅನ್ನುವುದು ನನ್ನ ಅಭಿಪ್ರಾಯ. 1996ರ ಒಂದು ಪ್ರಯೋಗ ನೆನಪಾಗುತ್ತಿದೆ. ಮರಿಯಿಂದಲೂ ಒಂದೇ ಗೂಡಿನಲ್ಲಿ ಬೆಳೆದ ಒಡಹುಟ್ಟಿದ ನಾಯಿಗಳನ್ನು ಗುರುತಿಲ್ಲದ ಜಾಗಕ್ಕೆ ಕರೆದೊಯ್ದರು. ಜೊತೆಗೆ ಬೆಳೆದ ಆ ಇನ್ನೊಂದು ನಾಯಿ ಪಕ್ಕದಲ್ಲಿದ್ದರೂ ಒತ್ತಡದ ಹಾರ್ಮೋನು ಏರಿತು. ದಿನಾ ನೋಡಿಕೊಳ್ಳುತ್ತಿದ್ದ ಮನುಷ್ಯ ಪಕ್ಕದಲ್ಲಿ ಕೂತಾಗ ಏರಲಿಲ್ಲ.

ಬಾಯಿ ತೋರಿಸಿ ಬಂದ ಮೇಲೆ ಇಲ್ಲಿ ಬರೆಯಿರಿ.

ಎರಡು ಬೆಕ್ಕಿನ ಮನೆ

ನಡವಳಿಕೆ ನೋಡುವವರು ಚುಕ್ಕಿ ಬಗ್ಗೆ ಹೇಳಿದರು, ನಾನು ನಿಮ್ಮ ಬಗ್ಗೆ ಒಂದು ಮಾತು ಹೇಳುತ್ತೇನೆ ಅಕ್ಕಾ. 19 ದಿನ ಅಂದರೆ ಏನೂ ಅಲ್ಲ. ಮನುಷ್ಯರು ಹೋದರೆ ನಾಲ್ಕು ಜನ ಬಂದು ಕೂರುತ್ತಾರೆ, ಮಾತಾಡಿಸುತ್ತಾರೆ. ನಾಯಿ ಹೋದರೆ ಮರುದಿನವೇ ಕೆಲಸಕ್ಕೆ ಹೋಗಬೇಕು, ನಗಬೇಕು. ದುಃಖದ ಬಗ್ಗೆ ಅಧ್ಯಯನ ಮಾಡಿದ ಕೆನೆತ್ ಡೋಕಾ ಅನ್ನುವವರು 1989ರಲ್ಲೇ ಇಂಥ ದುಃಖಕ್ಕೆ 'ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್' ಅಂತ ಒಂದು ಹೆಸರು ಕೊಟ್ಟಿದ್ದಾರೆ. ಸುತ್ತಲಿನವರು ದುಃಖ ಅಂತ ಒಪ್ಪದ ದುಃಖ ಅಂತ ಅದರ ಅರ್ಥ. ಅದನ್ನು ಓದಿದ ದಿನ ನನಗೆ ಎಷ್ಟೋ ಹಗುರಾಗಿತ್ತು. ಇಲ್ಲಿ ಬೋರನ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ. ಓದುತ್ತೇವೆ.

ಚುಕ್ಕಿಯ ಮನೆ

ಬರೆಯಲು ಏಳು ದಿನ ತಡವಾಯಿತು.

ನೆನೆಸಿದ ಕಾಳನ್ನು ಅವತ್ತು ರಾತ್ರಿಯೇ ಅರ್ಧಕ್ಕಿಂತ ಜಾಸ್ತಿ ತಿಂದಳು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಎಡಗಡೆ ತುಟಿ ಎತ್ತಿದ ತಕ್ಷಣ ನನಗೇ ಕಂಡಿತು. ಮೇಲಿನ ದೊಡ್ಡ ಹಲ್ಲಿನ ಹೊರಮೈ ಒಂದು ಚೂರು ಹಾಗೇ ಸೀಳಿ, ಒಸಡಿಗೆ ಅಂಟಿಕೊಂಡು ನೇತಾಡುತ್ತಿತ್ತು. ನಡುವೆ ಸಾಸಿವೆಯಷ್ಟು ಕೆಂಪು ಚುಕ್ಕೆ. ಅದೇ ಹಲ್ಲಿನ ಜೀವ ಅಂದರು. ಅಲ್ಲಿಗೆ ನೀರು ತಾಗಿದರೂ ನೋಯುತ್ತಿರುತ್ತದಂತೆ. ಗಟ್ಟಿ ಏನಾದರೂ ಕಡಿಯುತ್ತಾಳಾ ಅಂತ ಕೇಳಿದರು. ನಾನು ಬೋರನ ಮೂಳೆಯ ವಿಷಯ ಹೇಳಿದೆ. ಅವರು ಏನೂ ಅನ್ನಲಿಲ್ಲ. "ಉಗುರಿನಿಂದ ಒತ್ತಿದರೆ ಗುರುತು ಬೀಳದ ವಸ್ತು ಯಾವುದನ್ನೂ ಕಡಿಯಲು ಕೊಡಬೇಡಿ" ಅಂತಷ್ಟೇ ಹೇಳಿದರು. ರಕ್ತದಲ್ಲಿ ತೊಂದರೆ ಏನೂ ಬರಲಿಲ್ಲ. ಎರಡು ದಿನ ಬಿಟ್ಟು ಅರಿವಳಿಕೆ ಕೊಟ್ಟು, ಎಕ್ಸ್‌ರೇ ತೆಗೆದು, ಹಲ್ಲು ಕಿತ್ತರು.

ಮೂಳೆ ಮುಂದೆ ಇಟ್ಟುಕೊಂಡು ಮಲಗುತ್ತಿದ್ದಳಲ್ಲ, ಅದರ ಫೋಟೋ ತೆಗೆದು ತಂಗಿಗೆ ಕಳಿಸಿದ್ದೆ. "ನೋಡು, ಇನ್ನೂ ಅವನನ್ನು ನೆನೆಯುತ್ತಿದ್ದಾಳೆ" ಅಂತ ಬರೆದಿದ್ದೆ. ಇವತ್ತು ಆ ಫೋಟೋ ಮತ್ತೆ ನೋಡಿದೆ. ಎಡ ಕೆನ್ನೆ ಸ್ವಲ್ಪ ಊದಿರುವುದು ಅದರಲ್ಲೇ ಕಾಣುತ್ತದೆ. ನಾನು ಆವತ್ತು ನೋಡಿದ್ದು ಮೂಳೆಯನ್ನು ಮಾತ್ರ.

ಈಗ ಮೂಳೆಯನ್ನು ಬೋರನ ಬೆಲ್ಟಿನ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ. ಮರಿಯ ಮಾತು ಸದ್ಯಕ್ಕೆ ಬೇಡ ಅಂತ ಮಗನಿಗೆ ಹೇಳಿದೆ, ಒಪ್ಪಿದ. ಚುಕ್ಕಿ ಊಟ ಮಾಡುತ್ತಿದ್ದಾಳೆ. ಆದರೂ ಬಟ್ಟಲು ಇಟ್ಟ ಕೂಡಲೇ ಪಕ್ಕದ ಜಾಗ ನೋಡುವುದು ನಿಂತಿಲ್ಲ. ನಾನು ಅಲ್ಲಿ ಕೂತು ನೆಲ ತಟ್ಟುತ್ತೇನೆ. ಮೊದಲ ದಿನ ಕೈಯನ್ನು ಮೂಸಿದಳು. ನಾಲ್ಕನೇ ದಿನಕ್ಕೆ ತಟ್ಟಿದ ಕೂಡಲೇ ಬಾಯಿ ಹಾಕಿದಳು. ನಿನ್ನೆ ನಮ್ಮವರು ತಟ್ಟಿದರು. ಅವರಿಗೂ ತಿಂದಳು. ಅವರು ಎದ್ದು ಹೋಗಿ ಸ್ವಲ್ಪ ಹೊತ್ತು ಹೊರಗೆ ನಿಂತಿದ್ದರು.

ಬಚ್ಚಲ ಬಾಗಿಲಲ್ಲಿ ಈಗಲೂ ಮಲಗುತ್ತಾಳೆ. ನೀವು ಹೇಳಿದ ಹಾಗೆ ನೋಡಿದೆ, ಕಾಲು ಚಾಚಿಯೇ ಮಲಗುತ್ತಾಳೆ, ನಿದ್ದೆಯಲ್ಲಿ ಪಾದ ಅಲುಗುತ್ತದೆ. ನಿನ್ನೆ ಮಧ್ಯಾಹ್ನ ನಾನೂ ಅವಳ ಪಕ್ಕ ಹೋಗಿ ಕೂತೆ. ಆ ನೆಲ ನಿಜವಾಗಿಯೂ ತಂಪಾಗಿದೆ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಹೊಲಿಗೆ ತೋರಿಸಲು ಶುಕ್ರವಾರ ಮತ್ತೆ ಹೋಗಬೇಕು. ಬಂದ ಮೇಲೆ ಬರೆಯುತ್ತೇನೆ.